ನಮ್ಮ ಮನೆಯ ಮೋಡೆಮ್ ಮತ್ತು ಚಪ್ಪಲಿ ಬಿಲ್ಲೆ



ಹೋದ ತಿಂಗಳು ನಮ್ಮ ಮನೆಯಲ್ಲಿ ನನ್ನಿಂದ ಒಂದು ಎಡವಟ್ಟು ಆಯಿತು. ಅದರಿಂದ ತಿಳಿದುಕೊಂಡದ್ದನ್ನು ಬರೆಯುತ್ತಿದ್ದೇನೆ.

ಇಂಟರ್ನೆಟ್ ವೈರು ಬಂದು ಸೇರುವ ಡಬ್ಬಿಗೆ ಮೋಡೆಮ್ ಅಂತಾರೆ. ಅದರ ವೈಫೈ ಹಿಡಿಯುವ ಪ್ರತಿಯೊಂದು ಮೊಬೈಲಿಗೂ, ಲ್ಯಾಪ್‌ಟಾಪಿಗೂ ಒಂದು ನಂಬರ್ ಬೇಕು. ಇದೇ ಐ.ಪಿ. ವಿಳಾಸ. ಇದು ಇಲ್ಲದಿದ್ದರೆ ಬಂದ ಮಾಹಿತಿಯನ್ನು ಯಾರಿಗೆ ಕೊಡಬೇಕೆಂದು ಮೋಡೆಮ್ಮಿಗೆ ತಿಳಿಯುವುದಿಲ್ಲ. ಕೊಟ್ಟೂರಿಗೆ 583134, ಕೂಡ್ಲಿಗಿಗೆ 583135 ಎಂದು ಪಿನ್ ಕೋಡ್ ಇದೆಯಲ್ಲ, ಹಾಗೆ. ಆದರೆ ಪಿನ್ ಕೋಡ್ ಊರಿಗೇ ಅಂಟಿಕೊಂಡಿರುತ್ತದೆ. ಐ.ಪಿ. ನಂಬರ್ ಹಾಗಲ್ಲ, ಅದು ಜಾತ್ರೆಯ ಚಪ್ಪಲಿ ಬಿಲ್ಲೆ ಇದ್ದಂತೆ. ಕೊಟ್ಟೂರೇಶ್ವರ ಜಾತ್ರೆಯಲ್ಲಿ ಚಪ್ಪಲಿ ಬಿಟ್ಟು ಬಿಲ್ಲೆ ಇಸಗೊಂಡರೆ, ನಾವು ತಿರುಗಿ ಕೊಟ್ಟ ಬಿಲ್ಲೆ ಮುಂದಿನವರಿಗೆ ಹೋಗುತ್ತದೆ. ಮೋಡೆಮ್ ಹೀಗೆ ತಾನಾಗಿಯೇ ನಂಬರ್ ಹಂಚುವುದಕ್ಕೆ ಡಿ.ಎಚ್.ಸಿ.ಪಿ. ಎಂದು ಹೆಸರು. ಇದರ ನಿಯಮಗಳನ್ನು ಮೊದಲು ಬರೆದದ್ದು 1993ರಲ್ಲಿ.

ಮೊಬೈಲಿಗೆ ಯಾರನ್ನು ಕೇಳಬೇಕೆಂದು ಗೊತ್ತಿರುವುದಿಲ್ಲ. ಆದ್ದರಿಂದ ಎಲ್ಲರಿಗೂ ಕೇಳುವ ಹಾಗೆ ಕೂಗುತ್ತದೆ.

"ಇಲ್ಲಿ ನಂಬರ್ ಕೊಡೋರು ಯಾರದೀರ್ರೀ?"

"ನಾನದೀನಿ. 192.168.1.5 ಖಾಲಿ ಐತಿ, ಬೇಕೇನು?" ಎನ್ನುತ್ತದೆ ಮೋಡೆಮ್.

"ಹೂಂನ್ರಿ, ಅದನ್ನ ಕೊಡ್ರಿ."

"ತಗಾ. ನಾಳೆ ಈ ಹೊತ್ತಿನ ತನಕ ನಿಂದು."

ನಾಲ್ಕೇ ಮಾತು, ಮುಗಿಯಿತು. ನಮ್ಮ ಮೋಡೆಮ್ಮಿನಲ್ಲಿ ಗಡುವು 86400 ಸೆಕೆಂಡ್ ಇದೆ. 3600ರಿಂದ ಭಾಗಿಸಿ ನೋಡಿ, 24 ಗಂಟೆ ಬರುತ್ತದೆ. ಅರ್ಧ ಗಡುವು ಕಳೆದಾಗ ಮೊಬೈಲೇ ಮತ್ತೆ ಕೇಳಿ ಮುಂದುವರಿಸಿಕೊಳ್ಳುತ್ತದೆ.

ಈಗ ಎಡವಟ್ಟಿನ ವಿಷಯ. ನಂಬರನ್ನು ಕೈಯಿಂದ ಹಾಕಿದರೆ ನೆಟ್ ಜೋರಾಗಿ ಓಡುತ್ತದೆಂದು ಯಾರೋ ಹೇಳಿದ್ದರು. (ಸುಳ್ಳು!) ನಾನು ಅಪ್ಪನ ಮೊಬೈಲಿನ ವೈಫೈ ಸೆಟ್ಟಿಂಗಿನಲ್ಲಿ 'ಸ್ಟ್ಯಾಟಿಕ್' ಆರಿಸಿ 192.168.1.5 ಎಂದು ಬರೆದೆ. ಇನ್ನು ಮೋಡೆಮ್ ಹಂಚುವುದು ಯಾತಕ್ಕೆ ಎಂದು ಅದರ ಡಿ.ಎಚ್.ಸಿ.ಪಿ.ಯನ್ನೂ ಬಂದ್ ಮಾಡಿದೆ.

ರಾತ್ರಿ ಅಕ್ಕ ಲ್ಯಾಪ್‌ಟಾಪ್ ತೆಗೆದಳು. ಅವಳ ಸ್ಕಾಲರ್‌ಶಿಪ್ ಅರ್ಜಿಗೆ ಅದೇ ಕೊನೇ ದಿನ. ವೈಫೈ ಗುರುತು ಇದೆ, ನೆಟ್ ಇಲ್ಲ. "ಏನ್ ಮಾಡೀಯಲೇ ಇದಕ್ಕ?" ಎಂದು ಅಳುವ ಹಾಗಾದಳು. ನನಗೆ ಎದೆ ಡವಡವ. ಹಿಂದಿನ ಓಣಿಯ ಮಾವನನ್ನು ಕರೆದುಕೊಂಡು ಬಂದೆ. ಅವರು ನೋಡಿದರೆ ಲ್ಯಾಪ್‌ಟಾಪಿನ ನಂಬರ್ 169.254 ಎಂದು ಶುರುವಾಗಿತ್ತು. "ಯಾರೂ ನಂಬರ್ ಕೊಡದಿದ್ರ ಇದು ತಾನೇ ಇಂಥದೊಂದು ಇಟಗೊಂತತಿ. ಇದರಿಂದ ಹೊರಗ ಹೋಗಾಕ ಬರಂಗಿಲ್ಲ. ನಿಮ್ಮಪ್ಪನ ಫೋನ್ ತಾ, ಮನ್ಯಾಗ ಸರಿಯಾದ ನಂಬರ್ ಇರೋದು ಅದೊಂದಕ್ಕ" ಎಂದರು. ಅಪ್ಪ ರಾತ್ರಿ ಕರೆಂಟಿಗೆ ನೀರು ಹಾಯಿಸಲು ಹೊಲಕ್ಕೆ ಹೋಗಿದ್ದರು. ಬ್ಯಾಟರಿ ಹಿಡಿದು ಓಡಿದೆ. ಬೈಸಿಕೊಂಡದ್ದನ್ನು ಇಲ್ಲಿ ಬರೆಯುವುದಿಲ್ಲ.

ಮಾವ ಆ ಫೋನಿನ ಬ್ರೌಸರಿನಲ್ಲಿ 192.168.1.1 ಎಂದು ಬರೆದರು. ಇದು ನಮ್ಮ ಮೋಡೆಮ್ಮಿನ ಸ್ವಂತ ನಂಬರು. ಯೂಸರ್ ಹೆಸರು, ಪಾಸ್‌ವರ್ಡ್ ಡಬ್ಬಿಯ ಕೆಳಗಿನ ಚೀಟಿಯಲ್ಲಿದ್ದವು. ಒಳಗೆ 'ಲ್ಯಾನ್' ಒತ್ತಿ, 'ಡಿ.ಎಚ್.ಸಿ.ಪಿ. ಸರ್ವರ್' ಎಂಬಲ್ಲಿ 'ಎನೇಬಲ್' ಮಾಡಿದರು. ಹಂಚುವ ನಂಬರ್ ಮೊದಲು 2ರಿಂದ ಇತ್ತು. ಅದನ್ನು 192.168.1.20ರಿಂದ 192.168.1.254ರ ತನಕ ಮಾಡಿ 'ಸೇವ್' ಒತ್ತಿದರು. 20 ಯಾಕೆಂದರೆ, ನಾನು ಕೈಯಿಂದ ಹಾಕಿದ 5ನ್ನೇ ಮೋಡೆಮ್ ಇನ್ನೊಬ್ಬರಿಗೂ ಕೊಟ್ಟರೆ ಒಂದೇ ಬಿಲ್ಲೆ ಇಬ್ಬರ ಕೈಯಲ್ಲಿ ಆಗುತ್ತದೆ, ಇಬ್ಬರಿಗೂ ನೆಟ್ ನೆಟ್ಟಗೆ ಬರುವುದಿಲ್ಲ. 20ರ ಕೆಳಗಿನವು ಪ್ರಿಂಟರ್‌ನಂಥ ಕಾಯಂ ನಂಬರ್ ಬೇಕಾದವಕ್ಕೆ. ಅಪ್ಪನ ಫೋನನ್ನೂ 'ಸ್ಟ್ಯಾಟಿಕ್' ತೆಗೆದು ಡಿ.ಎಚ್.ಸಿ.ಪಿ.ಗೆ ತಂದರು. ಅಕ್ಕ ವೈಫೈ ಆರಿಸಿ ಹಚ್ಚಿದಳು, ನೆಟ್ ಬಂತು.

ಹಡಗಲಿಯ ಮನೆಯಲ್ಲೂ ಹರಪನಹಳ್ಳಿಯ ಮನೆಯಲ್ಲೂ 192.168.1.5 ಇದ್ದರೆ ಜಗಳವಾಗುವುದಿಲ್ಲವೇ ಎಂದು ಕೇಳಿದೆ. ಇಲ್ಲವಂತೆ. ಹಳೇ ಪದ್ಧತಿಯ ನಂಬರುಗಳು ಒಟ್ಟು ಸುಮಾರು 429 ಕೋಟಿ, ಲೋಕದ ಜನ 800 ಕೋಟಿ ದಾಟಿದ್ದಾರೆ. ಸಾಲದೆ ಬರುತ್ತದೆಂದು 192.168 ಎಂದು ಶುರುವಾಗುವವನ್ನು ಮನೆಯೊಳಗೆ ಮಾತ್ರ ಬಳಸಲು ಬಿಟ್ಟಿದ್ದಾರೆ. ಎರಡು ಜಾತ್ರೆಯಲ್ಲಿ ಒಂದೇ ನಂಬರಿನ ಬಿಲ್ಲೆ ಇದ್ದರೆ ಚಪ್ಪಲಿ ಅದಲುಬದಲಾಗುತ್ತದೆಯೇ?

ಅಕ್ಕನ ಅರ್ಜಿ ಹೋದಾಗ ಹನ್ನೊಂದೂವರೆ. ಮೋಡೆಮ್ಮಿನ ಪಾಸ್‌ವರ್ಡನ್ನು ಅವಳು ಆ ರಾತ್ರಿಯೇ ಬದಲಿಸಿದಳು. ನನಗೆ ಇನ್ನೂ ಹೇಳಿಲ್ಲ.

— ಏಳನೇ ತರಗತಿ