ಗೇರ್ ಸಡಿಲವಾದರೆ ಗೇರ್ ಬಾಕ್ಸಿನದೇ ತಪ್ಪೆ?

ಹಳೆಯ ಅಂಬಾಸಡರ್ ಕಾರಿನ ಮುಂದಿನ ಸೀಟು ಬೆಂಚಿನಂತೆ ಉದ್ದಕ್ಕೆ ಒಂದೇ ಆಗಿರುತ್ತಿತ್ತು. ಚಾಲಕನ ಪಕ್ಕದಲ್ಲಿ ಇಬ್ಬರು, ಮದುವೆ ದಿಬ್ಬಣವಾದರೆ ಇನ್ನೂ ಒಬ್ಬರು ಒತ್ತರಿಸಿಕೊಂಡು ಕೂರುತ್ತಿದ್ದರು. ಗೇರಿನ ಕೋಲು ನೆಲದಲ್ಲಿರದೆ ಸ್ಟೇರಿಂಗ್ ಕಂಬಕ್ಕೆ ಅಂಟಿಕೊಂಡಿದ್ದುದೇ ಇದಕ್ಕೆ ಅನುಕೂಲ ಮಾಡಿಕೊಟ್ಟಿತ್ತು. 1930ರ ದಶಕದ ಕೊನೆಯಲ್ಲಿ ಅಮೆರಿಕದ ಕಾರುಗಳಲ್ಲಿ ಬಳಕೆಗೆ ಬಂದ ಈ ಏರ್ಪಾಡು, ಮುಂದೆ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನಲ್ಲೂ ಕಾಣಿಸಿಕೊಂಡಿತು. ಆ ಕಾರಿನ ಮೂರನೆಯ ಸರಣಿಯನ್ನು ಆಧರಿಸಿಯೇ ಹಿಂದೂಸ್ತಾನ್ ಮೋಟರ್ಸ್ ಸಂಸ್ಥೆಯು ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ 1950ರ ದಶಕದ ಕೊನೆಯಿಂದ ಅಂಬಾಸಡರ್ ತಯಾರಿಸತೊಡಗಿತು. 2014ರಲ್ಲಿ ತಯಾರಿಕೆ ನಿಂತಿತು. ನಂತರದ ಅಂಬಾಸಡರುಗಳಲ್ಲಿ ಗೇರು ನೆಲಕ್ಕಿಳಿದಿದ್ದರೂ, ಜನರ ನೆನಪಿನಲ್ಲಿ ಉಳಿದಿರುವುದು ಕಂಬದ ಗೇರೇ.

ಇಂಥ ಕಾರನ್ನು ಇಂದಿಗೂ ಜೋಪಾನ ಮಾಡಿಕೊಂಡು ಬಂದವರ ಸಾಮಾನ್ಯ ದೂರು ಒಂದಿದೆ. ಗೇರಿನ ಕೋಲು ಲೊಡಲೊಡ ಅಲ್ಲಾಡುತ್ತದೆ. ಬೇಕಾದ ಗೇರು ಒಮ್ಮೆಗೇ ಸಿಗುವುದಿಲ್ಲ. ಸಿಕ್ಕಿದ್ದೂ ಕೆಲವೊಮ್ಮೆ ಜಾರಿ ನ್ಯೂಟ್ರಲ್‌ಗೆ ಬರುತ್ತದೆ. 'ಗೇರ್ ಬಾಕ್ಸ್ ಹೋಯಿತು' ಎಂಬ ತೀರ್ಪು ಕೂಡಲೇ ಹೊರಬೀಳುತ್ತದೆ. ಗೇರ್ ಬಾಕ್ಸ್ ಇಳಿಸಿ ಬಿಚ್ಚುವುದು ದೊಡ್ಡ ಖರ್ಚಿನ ಕೆಲಸ. ತಯಾರಿಕೆ ನಿಂತ ಕಾರಿಗೆ ಹೊಸ ಭಾಗಗಳನ್ನು ಹುಡುಕುವುದು ಇನ್ನೂ ಕಷ್ಟ. ಆದರೆ ಅನೇಕ ಸಲ ದೋಷವಿರುವುದು ಬಾಕ್ಸಿನ ಒಳಗಲ್ಲ, ಹೊರಗೆ.

ಕಾರಣ ಸರಳ. ಕೋಲಿಗೂ ಗೇರ್ ಬಾಕ್ಸಿಗೂ ನಡುವೆ ಕಂಬದ ಉದ್ದಕ್ಕೆ ಒಂದು ದಂಡ, ಅದರ ಬುಡದಲ್ಲಿ ಸಣ್ಣ ತೋಳುಗಳು, ಅಲ್ಲಿಂದ ಮುಂದಕ್ಕೆ ಸರಳುಗಳು ಇರುತ್ತವೆ. ಇವು ಕೂಡುವ ಕೀಲುಗಳಲ್ಲಿ ಬುಷ್ ಎಂಬ ಪುಟ್ಟ ಬಳೆ ಕೂರುತ್ತದೆ. ಕಾರಿಗೆ ತಕ್ಕಂತೆ ಅದು ರಬ್ಬರ್, ನೈಲಾನ್ ಅಥವಾ ಹಿತ್ತಾಳೆಯದಾಗಿರಬಹುದು. ಉಕ್ಕಿನ ಪಿನ್ನು ಸವೆಯುವ ಬದಲು ತಾನು ಸವೆಯುವುದೇ ಅದರ ಕೆಲಸ. ಒಂದೊಂದು ಕೀಲಿನಲ್ಲಿ ಅರ್ಧ ಮಿಲಿಮೀಟರ್ ಸಡಿಲವಾದರೂ, ಎಲ್ಲ ಸೇರಿ ಕೋಲಿನ ತುದಿಯಲ್ಲಿ ಅದು ಹಲವು ಪಟ್ಟು ದೊಡ್ಡದಾಗುತ್ತದೆ. ಚಾಲಕನ ಕೈ ಪೂರ್ತಿ ಚಲಿಸಿದರೂ ಗೇರು ಅರ್ಧವೇ ಕೂರುತ್ತದೆ. ಹಾಗೆ ಅರ್ಧ ಕೂತ ಗೇರಿನ ಹಲ್ಲುಗಳ ಅಂಚು ಸವೆದು, ಕೆಲವು ಕಾಲದ ಮೇಲೆ ಗೇರ್ ಬಾಕ್ಸ್ ನಿಜವಾಗಿಯೂ ಕೆಡುತ್ತದೆ. ಸಣ್ಣ ಬುಷ್‌ನ ಅಸಡ್ಡೆಗೆ ತೆರಬೇಕಾದ ದಂಡ ಇದು.

ಪರೀಕ್ಷೆಗೆ ಇಬ್ಬರು ಸಾಕು. ಎಂಜಿನ್ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಗಳಿಗೆ ಅಡೆ ಕೊಟ್ಟ ಮೇಲೆ ಒಬ್ಬರು ಕೋಲನ್ನು ಮೆಲ್ಲಗೆ ಆಡಿಸಬೇಕು; ಇನ್ನೊಬ್ಬರು ಬಾನೆಟ್ಟಿನೊಳಗೆ ಕೀಲುಗಳನ್ನು ಗಮನಿಸಬೇಕು. ಕೋಲು ಅಲ್ಲಾಡಿದರೂ ಮುಂದಿನ ಸರಳು ಎಲ್ಲಿ ಅಲ್ಲಾಡುವುದಿಲ್ಲವೋ ಅಲ್ಲೇ ಸವೆತ. ಕಾರಿನಡಿ ನುಗ್ಗಬೇಕಾದರೆ ಗಟ್ಟಿ ಸ್ಟ್ಯಾಂಡ್ ಬೇಕೇ ಬೇಕು. ಬರಿಯ ಜ್ಯಾಕನ್ನು ನಂಬಬಾರದು. ಬಿಚ್ಚುವ ಮೊದಲು ಸರಳು ಎಲ್ಲಿತ್ತೆಂದು ಗುರುತು ಹಾಕಿಕೊಂಡರೆ ಮರುಜೋಡಣೆ ಸುಲಭ. ಪಿನ್ನೇ ಸವೆದು ತೆಳುವಾಗಿದ್ದರೆ ಹೊಸ ಬುಷ್ ಹಾಕಿ ಫಲವಿಲ್ಲ, ಅದನ್ನೂ ಬದಲಿಸಬೇಕು. ರಬ್ಬರ್ ಬುಷ್‌ಗೆ ಸಾಮಾನ್ಯ ಗ್ರೀಸ್ ಹಚ್ಚಿದರೆ ಅದು ಉಬ್ಬಿ ಕೆಡುತ್ತದೆ. ಕೊನೆಗೆ ನ್ಯೂಟ್ರಲ್‌ನಲ್ಲಿಟ್ಟು ಸರಳಿನ ಉದ್ದ ಸರಿಹೊಂದಿಸಿ ನಟ್ಟು ಬಿಗಿಯಬೇಕು.

ಕೀಲುಗಳೆಲ್ಲ ಬಿಗಿಯಾದ ಮೇಲೂ ಗೇರು ಕಿರುಗುಟ್ಟಿದರೆ ಆಯಿಲ್ ನೋಡಬೇಕು. ಕಾರು ಸಮತಟ್ಟಾದ ನೆಲದಲ್ಲಿರಲಿ. ಹಳೆಯ ಆಯಿಲ್ ಹರಿಸುವ ಮೊದಲು ತುಂಬುವ ಬಿರಡೆ ತೆರೆಯುತ್ತದೆಯೇ ಎಂದು ನೋಡಿಕೊಳ್ಳಬೇಕು. ಇಲ್ಲವಾದರೆ ಬರಿದಾದ ಬಾಕ್ಸಿನೊಂದಿಗೆ ಕಾರು ನಿಂತಲ್ಲೇ ನಿಲ್ಲುತ್ತದೆ. ಹರಿದು ಬಂದ ಆಯಿಲ್ ಸ್ವತಃ ವರದಿ ಒಪ್ಪಿಸುತ್ತದೆ. ಅದರಲ್ಲಿ ಹೊಂಬಣ್ಣದ ನುಣ್ಣನೆ ಹೊಳಪಿದ್ದರೆ ಸಿಂಕ್ರೋಮೆಶ್ ಬಳೆಗಳು ಸವೆಯುತ್ತಿವೆ. ಉಕ್ಕಿನ ಚೂರುಗಳಿದ್ದರೆ ಹಲ್ಲು ಮುರಿದಿರಬಹುದು. ಬಾಕ್ಸ್ ಬಿಚ್ಚುವ ಕಾಲ ಬಂದಿತೆಂದು ಆಗ ತಿಳಿಯಬೇಕು.

ಹೊಸ ಆಯಿಲ್ ದುಬಾರಿಯಾದಷ್ಟೂ ಒಳ್ಳೆಯದೆಂಬುದು ಇಲ್ಲಿ ನಿಜವಲ್ಲ. ಹೆಚ್ಚಿನ ಒತ್ತಡ ತಡೆಯಲೆಂದು ಕೆಲವು ಗೇರ್ ಆಯಿಲ್‌ಗಳಿಗೆ ಬೆರೆಸುವ ಗಂಧಕದ ಸಂಯುಕ್ತಗಳು ಹಿತ್ತಾಳೆ, ಕಂಚಿನ ಭಾಗಗಳನ್ನು ತಿನ್ನಬಲ್ಲವು. ಆದ್ದರಿಂದ ಕಾರಿನ ಕೈಪಿಡಿ ಹೇಳಿದ ದರ್ಜೆಯನ್ನೇ ಹಾಕಬೇಕು, ಹೇಳಿದ ಮಟ್ಟಕ್ಕೇ ನಿಲ್ಲಿಸಬೇಕು. ಮಿತಿಮೀರಿ ತುಂಬಿದರೆ ಆಯಿಲ್ ಸೋರಿ ಕ್ಲಚ್‌ಗೆ ತಗಲುವ ಅಪಾಯವಿದೆ. ಇನ್ನೊಂದು ಮಾತು: ಹಳೆಯ ಅಂಬಾಸಡರಿನ ಒಂದನೆಯ ಗೇರಿಗೆ ಸಿಂಕ್ರೋಮೆಶ್ ಇರಲಿಲ್ಲ. ಓಡುತ್ತಿರುವಾಗ ಅದನ್ನು ಹಾಕಲು ಹೋಗಿ ಕರಕರ ಎಂದರೆ ಅದು ರೋಗವಲ್ಲ, ಆ ಕಾರಿನ ಸ್ವಭಾವ.

ಸ್ವಭಾವ ಯಾವುದು, ರೋಗ ಯಾವುದು ಎಂದು ಕಿವಿಯಿಂದಲೇ ಹೇಳಬಲ್ಲ ಮೇಸ್ತ್ರಿಗಳು ಒಂದು ಕಾಲದಲ್ಲಿ ಊರೂರಿನ ಗ್ಯಾರೇಜುಗಳಲ್ಲಿದ್ದರು. ಅವರ ಸಂಖ್ಯೆ ಈಗ ಕಡಿಮೆಯಾಗುತ್ತಿದೆ. ಬುಷ್ಷನ್ನು ಲೇತ್ ಅಂಗಡಿಯಲ್ಲಿ ಕಡೆಸಿಕೊಳ್ಳಬಹುದು, ಆಯಿಲ್ ಅಂಗಡಿಯಲ್ಲಿ ಸಿಗುತ್ತದೆ. ಮೊದಲು ಎಲ್ಲಿ ನೋಡಬೇಕೆಂಬ ಅವರ ತಿಳಿವಳಿಕೆಯನ್ನು ಮಾತ್ರ ಅವರಿರುವಾಗಲೇ ಕೇಳಿ ಕಲಿತುಕೊಳ್ಳಬೇಕು.