ಕೀರ್ತಿಯನ್ನು ಬಿಟ್ಟುಕೊಟ್ಟ ವಿಜ್ಞಾನಿ

ಕಾರ್ಕಳ ತಾಲೂಕಿನ ಅಜೆಕಾರಿನಂಥ ಊರುಗಳಲ್ಲಿ ಸಂತಾನಭಾಗ್ಯವಿಲ್ಲದ ದಂಪತಿಗಳು ಒಂದು ಕಾಲಕ್ಕೆ ಆಶ್ಲೇಷಾ ಬಲಿಯನ್ನೂ ನಾಗಪ್ರತಿಷ್ಠೆಯನ್ನೂ ಮಾಡಿಸಿ, ಉಳಿದುದು ದೈವಚಿತ್ತವೆಂದು ಸುಮ್ಮನಾಗುತ್ತಿದ್ದರು. ಇಂದು ಅಂಥವರು ಹರಕೆಯನ್ನು ಬಿಡದೆಯೇ ಮಣಿಪಾಲದ ಆಸ್ಪತ್ರೆಗೂ ಹೋಗುತ್ತಾರೆ. ಅಲ್ಲಿ ವೈದ್ಯರು ರಕ್ತದಲ್ಲಿರುವ ಹಾರ್ಮೋನುಗಳ ಲೆಕ್ಕವನ್ನು ನೋಡಿ, ಮೆದುಳಿನ ಗ್ರಂಥಿಯ ಮಾತನ್ನೆತ್ತಿದರೆ ಕೇಳಿದವರಿಗೆ ಸೋಜಿಗವಾಗುವುದು ಸಹಜವೇ. ಗರ್ಭದ ವಿಷಯದಲ್ಲಿ ಮೆದುಳಿಗೇನು ಕೆಲಸ?

ಕೆಲಸವುಂಟು. ಮೆದುಳಿನ ತಳದಲ್ಲಿರುವ ಹೈಪೋಥಲಾಮಸ್ ಎಂಬ ಭಾಗವು ಒಂದು ರಾಸಾಯನಿಕ ಸಂದೇಶವನ್ನು ಬಿಟ್ಟುಬಿಟ್ಟು ಕಳುಹಿಸುತ್ತದೆ. ಅದರ ಆಜ್ಞೆಯಂತೆ ಕಡಲೆಕಾಳಿನಷ್ಟು ದೊಡ್ಡದಾದ ಪಿಟ್ಯೂಟರಿ ಗ್ರಂಥಿಯು ತನ್ನ ಹಾರ್ಮೋನುಗಳನ್ನು ರಕ್ತಕ್ಕೆ ಸೇರಿಸುತ್ತದೆ; ಅವು ತಲಪಿದ ಮೇಲೆಯೇ ಅಂಡಾಶಯದಲ್ಲಿ ಅಂಡವು ಪಕ್ವವಾಗುವುದು. ಅಂಡಾಶಯವೂ ತನ್ನ ಹಾರ್ಮೋನುಗಳ ಮೂಲಕ ಮೆದುಳಿಗೆ ವರದಿಯನ್ನೊಪ್ಪಿಸುತ್ತದೆ. ಹುಜೂರು ಕಚೇರಿಗೂ ತಾಲೂಕು ಕಚೇರಿಗೂ ನಡೆಯುವ ಪತ್ರವ್ಯವಹಾರದಂತೆಯೇ ಇದು.

ಈ ವ್ಯವಹಾರದ ಮರ್ಮವನ್ನರಸಿದ ನಮ್ಮ ದೇಶದ ವಿಜ್ಞಾನಿಗಳಲ್ಲಿ, ಕೊನೆಗೆ ಬೆಂಗಳೂರಿನಲ್ಲಿ ನೆಲೆಸಿ 2010ರಲ್ಲಿ ಕಾಲವಾದ ಡಾಕ್ಟರ್ ಟಿ. ಸಿ. ಆನಂದಕುಮಾರರು ಸ್ಮರಣೀಯರು. ದಿಲ್ಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿದ್ದಾಗ ಅವರು ಕೋತಿಗಳ ಮೂಗಿನೊಳಗೆ ಪ್ರೊಜೆಸ್ಟೆರಾನ್ ಹಾರ್ಮೋನನ್ನು ಸಿಂಪಡಿಸಿ, ಅದು ಮೆದುಳನ್ನು ಸುತ್ತುವರಿದ ದ್ರವವನ್ನು ಹೇಗೆ ಸೇರುವುದೆಂದು ಪರೀಕ್ಷಿಸಿದರು. ಮೂಗಿನ ದಾರಿಯಿಂದ ಅಲ್ಪ ಔಷಧದಲ್ಲಿಯೇ ಸಂತಾನ ನಿಯಂತ್ರಣ ಸಾಧ್ಯವಾಗಬಹುದೇ ಎಂಬುದು ಅವರ ಪ್ರಶ್ನೆಯಾಗಿತ್ತು. ಆ ಬಳಿಕ ಅವರು ಮುಂಬಯಿಯ ಸಂತಾನೋತ್ಪತ್ತಿ ಸಂಶೋಧನ ಸಂಸ್ಥೆಯ ನಿರ್ದೇಶಕರಾದರು. ಅವರೂ ಡಾಕ್ಟರ್ ಇಂದಿರಾ ಹಿಂದೂಜಾ ಅವರೂ ಕೂಡಿ ನಡೆಸಿದ ಪ್ರಯತ್ನದ ಫಲವಾಗಿ 1986ರ ಆಗಸ್ಟ್ 6ರಂದು ಹುಟ್ಟಿದ ಮಗುವನ್ನು ಭಾರತದ ಪ್ರಥಮ ಪ್ರನಾಳಶಿಶುವೆಂದು ದೇಶವೇ ಕೊಂಡಾಡಿತು.

ಆದರೆ ಎಂಟು ವರ್ಷಗಳ ಹಿಂದೆಯೇ, 1978ರ ಅಕ್ಟೋಬರ್ 3ರಂದು, ಕಲಕತ್ತೆಯಲ್ಲಿ ಅಂಥದೇ ಒಂದು ಹೆಣ್ಣುಮಗು ಹುಟ್ಟಿತ್ತು. ಹಾರ್ಮೋನಿನಿಂದ ಅಂಡಾಶಯವನ್ನು ಪ್ರಚೋದಿಸಿ, ಭ್ರೂಣವನ್ನು ಹಿಮಶೈತ್ಯದಲ್ಲಿ ಕಾಪಾಡಿ, ಅನಂತರ ಗರ್ಭದಲ್ಲಿರಿಸಿದವರು ಡಾಕ್ಟರ್ ಸುಭಾಷ್ ಮುಖರ್ಜಿಯವರು. ಅಲ್ಲಿಯ ಸರಕಾರವು ನೇಮಿಸಿದ ಸಮಿತಿಯು ಅವರ ಮಾತನ್ನು ನಂಬಲಿಲ್ಲ. ವಿದೇಶಕ್ಕೆ ಹೋಗಿ ತಮ್ಮ ವಿಧಾನವನ್ನು ವಿವರಿಸಲು ಅವರಿಗೆ ಅನುಮತಿ ದೊರೆಯಲಿಲ್ಲ. ಹಾರ್ಮೋನುಗಳ ಪಂಡಿತನನ್ನು ಕಣ್ಣಿನ ಚಿಕಿತ್ಸೆಯ ಸಂಸ್ಥೆಗೆ ವರ್ಗಮಾಡಿದರು! 1981ರ ಜೂನ್ 19ರಂದು ಆ ನೊಂದ ಜೀವವು ತನ್ನನ್ನು ತಾನೇ ಕೊನೆಗಾಣಿಸಿಕೊಂಡಿತು.

ಮುಖರ್ಜಿಯವರ ಹಸ್ತಲಿಖಿತ ಟಿಪ್ಪಣಿಗಳು ಮುಂದೆ ಆನಂದಕುಮಾರರ ಕೈಸೇರಿದವು. ಅವನ್ನು ಓದಿ ಸುಮ್ಮನಿದ್ದಿದ್ದರೆ ಕೇಳುವವರು ಯಾರಿದ್ದರು? ‘ಮೊದಲಿಗ’ನೆಂಬ ಬಿರುದು ಅವರಲ್ಲಿಯೇ ಉಳಿಯುತ್ತಿತ್ತು. ಆದರೆ ಅವರು ದಾಖಲೆಗಳನ್ನು ಕೂಲಂಕಷವಾಗಿ ಪರಿಶೀಲಿಸಿ, 1997ರಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ, ಭಾರತದ ಪ್ರಥಮ ಪ್ರನಾಳಶಿಶುವಿನ ಶಿಲ್ಪಿ ಸುಭಾಷ್ ಮುಖರ್ಜಿಯೇ ಎಂದು ಲೋಕಕ್ಕೆ ಸಾರಿದರು. ತಮ್ಮ ಕೀರ್ತಿಯನ್ನು ತಾವೇ ಮೃತನಾದ ಬೇರೊಬ್ಬನಿಗೆ ಒಪ್ಪಿಸಿದರು.

ಹೊಸ ಸಂಗತಿಯನ್ನು ಸಂಶಯದಿಂದ ನೋಡುವುದು ತಪ್ಪೆಂದು ನಾವು ಹೇಳುವುದಿಲ್ಲ. ವಿಜ್ಞಾನಕ್ಕೆ ಸಂಶಯವೇ ಒರೆಗಲ್ಲು. ಆದರೆ ಒರೆಗೆ ಹಚ್ಚುವ ಮುನ್ನವೇ ಚಿನ್ನವನ್ನು ಬಿಸಾಡುವುದು ಸಂಶಯವಲ್ಲ, ತಿರಸ್ಕಾರ. ನಮ್ಮವನ ಕೆಲಸವನ್ನು ನಾವೇ ನಂಬದೆ ಹೋದುದರಿಂದ ದೇಶವು ಒಬ್ಬ ವಿಜ್ಞಾನಿಯನ್ನು ಕಳೆದುಕೊಂಡಿತು. ಅವನ ಹೆಸರು ಉಳಿದುದು ಮತ್ತೊಬ್ಬ ವಿಜ್ಞಾನಿಯ ಪ್ರಾಮಾಣಿಕತೆಯಿಂದ. ಅಧಿಕಾರದ ಲೇಖನಿಯನ್ನು ಹಿಡಿದವರು ಮೊದಲನೆಯದನ್ನು ಮರೆಯಬಾರದು. ಅಜೆಕಾರಿನ ಶಾಲೆಯಲ್ಲಿ ಇಂದು ವಿಜ್ಞಾನವನ್ನು ಕಲಿಯುತ್ತಿರುವ ಮಕ್ಕಳು ಎರಡನೆಯದನ್ನು ಮರೆಯದಿರಲಿ.