ಅಟ್ಟಕ್ಕೂ ಮೇಲ್ಛಾವಣಿಗೂ ತಕ್ಕಷ್ಟು ಗಾಳಿ

ಮನೆಯ ಅಟ್ಟವು ರೈತನ ಎರಡನೆಯ ಕಣಜ. ಬಿತ್ತನೆಯ ಬೀಜ, ಒಣಗಿಸಿದ ಅಡಿಕೆ, ಬೆಲ್ಲ, ಮೆಣಸಿನಕಾಯಿ ಮುಂತಾದವುಗಳನ್ನು ಅಲ್ಲಿಯೇ ಇಡುವುದು ವಾಡಿಕೆ. ಅಲ್ಲಿ ಗಾಳಿಯಾಡದಿದ್ದರೆ ಬೀಜವು ಮುಗ್ಗುವುದು, ಅಡಿಕೆಗೆ ಬೂಷ್ಟು ಹಿಡಿಯುವುದು, ತೊಲೆಜಂತಿಗಳು ಲಡ್ಡಾಗುವುವು. ಗಾಳಿಯು ಮಿತಿಮೀರಿದರೆ ಇರಚಲೂ ಇಲಿಗಳೂ ಒಳನುಗ್ಗುವುವು. ಆದುದರಿಂದ ಎಷ್ಟು ಗಾಳಿ, ಎಲ್ಲಿಂದ, ಯಾವಾಗ ಎಂಬುದನ್ನು ಮನೆಯ ಯಜಮಾನರು ತಿಳಿದಿರತಕ್ಕದ್ದು.

1. ಗಾಳಿಯಾಡುವ ಬಗೆ.— ಬಿಸಿಲಿಗೆ ಛಾವಣಿಯು ಕಾದಾಗ ಅದರ ಕೆಳಗಿನ ಗಾಳಿಯೂ ಬಿಸಿಯಾಗಿ ಹಗುರಾಗುತ್ತದೆ; ಹಗುರಾದ ಗಾಳಿಯು ಮೇಲೇರುತ್ತದೆ. ನೆತ್ತಿಯ ಬಳಿ ಅದು ಹೊರಹೋಗಲು ದಾರಿಯೂ, ಸೂರಿನ ಬಳಿ ತಂಪುಗಾಳಿಯು ಒಳಬರಲು ದಾರಿಯೂ ಇದ್ದರೆ ಗಾಳಿಯು ತಾನಾಗಿಯೇ ಓಡಾಡುವುದು. ಒಂದೇ ಕಡೆ ಕಿಂಡಿಯಿಟ್ಟರೆ ಅದು ಎಷ್ಟು ದೊಡ್ಡದಾದರೂ ಪೂರ್ಣ ಪ್ರಯೋಜನವಾಗದು.

2. ಛಾವಣಿಗಳ ಭೇದ.— ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಬಳಿಕ ಆ ಬಗೆಯ ಹೆಂಚು ನಮ್ಮ ಸೀಮೆಯಲ್ಲೆಲ್ಲಾ ಹರಡಿತು. ಈ ಹೆಂಚುಗಳ ಸಂದುಗಳಲ್ಲಿ ಸ್ವಲ್ಪ ಗಾಳಿಯು ಸುಳಿಯುತ್ತದೆ. ಕೆಳಗೆ ಹಲಗೆಯನ್ನು ಬಿಗಿಯಾಗಿ ಹೊಡೆದರೆ ಆ ಅನುಕೂಲವು ತಪ್ಪುವುದು. ತಗಡಿನ ಛಾವಣಿಯು ಹಗಲಲ್ಲಿ ಬಹಳ ಕಾಯುತ್ತದೆ. ಆಕಾಶವು ತಿಳಿಯಾಗಿರುವ ಚಳಿಯ ರಾತ್ರಿಗಳಲ್ಲಿ ಬೇಗನೆ ತಣ್ಣಗಾಗಿ ಒಳಮೈಯಲ್ಲಿ ನೀರು ಹನಿಗಟ್ಟಿ ಧಾನ್ಯದ ಮೇಲೆ ತೊಟ್ಟಿಕ್ಕುವುದು. ಆದುದರಿಂದ ತಗಡಿನ ಮನೆಗೆ ಗಾಳಿಗಂಡಿಯು ಇನ್ನೂ ಅವಶ್ಯಕ.

3. ಅಳತೆ.— ಕಿಂಡಿಗಳು ಅರ್ಧದಷ್ಟು ಕೆಳಗೂ ಅರ್ಧದಷ್ಟು ಮೇಲೂ ಇದ್ದಲ್ಲಿ, ಅಟ್ಟದ ನೆಲದ 300 ಚದರಡಿಗೆ 1 ಚದರಡಿಯಷ್ಟು ತೆರಪು ಸಾಕು. ಹಾಗೆ ಹಂಚಲು ಅನುಕೂಲವಿಲ್ಲದಲ್ಲಿ 150 ಚದರಡಿಗೆ 1 ಚದರಡಿ ಬೇಕು. ಈ ಲೆಕ್ಕವು ಗಾಳಿ ನಿಜವಾಗಿ ಹಾಯುವ ತೆರಪಿಗೆ ಮಾತ್ರ ಸಲ್ಲುವುದು. ತಂತಿಯ ಬಲೆ, ಹಲಗೆಪಟ್ಟಿಗಳು ಸುಮಾರು ಅರ್ಧ ಭಾಗವನ್ನು ತಡೆಯುವುದರಿಂದ ಕಿಂಡಿಯನ್ನು ಇಮ್ಮಡಿಯಾಗಿ ಕೊರೆಯಬೇಕು.

ದೃಷ್ಟಾಂತಕ್ಕೆ, 30 ಅಡಿ ಉದ್ದ, 20 ಅಡಿ ಅಗಲದ ಅಟ್ಟವು 600 ಚದರಡಿ. ಅದಕ್ಕೆ ಬೇಕಾದ ತೆರಪು 2 ಚದರಡಿ. ಕೊರೆಯತಕ್ಕದ್ದು 4 ಚದರಡಿ. ಸೂರಿನ ಕೆಳಗೆ ಎರಡು ಪಕ್ಕಗಳಲ್ಲಿ ಪಕ್ಕಕ್ಕೆ ನಾಲ್ಕರಂತೆ 6 ಅಂಗುಲ ಚೌಕದ ಎಂಟು ಕಿಂಡಿಗಳು, ಮನೆಯ ಎರಡು ತುದಿಗಳ ತ್ರಿಕೋನದ ಗೋಡೆಗಳಲ್ಲಿ ನೆತ್ತಿಗೆ ಸಮೀಪವಾಗಿ 1 ಅಡಿ ಚೌಕದ ಒಂದೊಂದು ಕಿಂಡಿ ಇಟ್ಟರೆ ಲೆಕ್ಕವು ಸರಿಹೋಗುವುದು. ನಾಲ್ಕು ಕಡೆಗೂ ಇಳಿಜಾರಿರುವ ಮನೆಗಳಲ್ಲಿ ನೆತ್ತಿಯ ಬಳಿ ಗಾಳಿಹೆಂಚುಗಳನ್ನು ಹೊದಿಸಬಹುದು.

4. ಮಳೆ ಮತ್ತು ಇಲಿ.— ಪ್ರತಿ ಕಿಂಡಿಗೂ ಕಾಲು ಅಂಗುಲಕ್ಕೆ ಮೀರದ ಕಣ್ಣಿನ ಗಟ್ಟಿಯಾದ ತಂತಿಬಲೆಯನ್ನು ಬಡಿಯತಕ್ಕದ್ದು. ಮೇಲಿನ ಕಿಂಡಿಗಳಿಗೆ ಹೊರಮುಖವಾಗಿ ಇಳಿಯುವಂತೆ ಹಲಗೆಪಟ್ಟಿಗಳನ್ನು ಓರೆಯಾಗಿ ಜೋಡಿಸಬೇಕು. ಮುಂಗಾರಿನ ಮಳೆಯು ನೈರುತ್ಯದಿಂದ ಹೊಡೆಯುವುದರಿಂದ ಆ ದಿಕ್ಕಿನ ಕಿಂಡಿಗಳಿಗೆ ಒಳಗಿನಿಂದ ಮುಚ್ಚುವ ಬಾಗಿಲೂ ಇರಲಿ.

5. ತೆರೆಯುವ ಸಮಯ.— ಗಾಳಿಯೆಲ್ಲವೂ ಒಣಗಿಸುವುದಿಲ್ಲ. ಜಡಿಮಳೆಯ ದಿನಗಳಲ್ಲಿ ಹೊರಗಿನ ಗಾಳಿಯೇ ತೇವದಿಂದ ತುಂಬಿರುತ್ತದೆ. ಅದನ್ನು ಒಳಬಿಟ್ಟರೆ ಒಣಗಿದ ಧಾನ್ಯವೂ ತೇವವನ್ನು ಹೀರುವುದು. ಧಾನ್ಯವಿರುವ ಅಟ್ಟದ ಕಿಂಡಿಗಳನ್ನು ಅಂತಹ ದಿನಗಳಲ್ಲಿ ಮುಚ್ಚಿ, ಹೊಳವಾದ ದಿನ ನಡುಹಗಲಲ್ಲಿ ತೆರೆಯುವುದು ಯುಕ್ತ. ಆದರೆ ಹಸಿ ಧಾನ್ಯವನ್ನು ಗಾಳಿಗಂಡಿಯು ರಕ್ಷಿಸಲಾರದು. ಭತ್ತವನ್ನು ತೇವವು ನೂರಕ್ಕೆ 14 ಪಾಲು ಮೀರದಂತೆ, ಹಲ್ಲಿನಲ್ಲಿ ಕಚ್ಚಿದರೆ ಕಟ್ಟನೆ ಮುರಿಯುವಷ್ಟು ಒಣಗಿಸಿದ ಮೇಲೆಯೇ ಅಟ್ಟಕ್ಕೇರಿಸಬೇಕು.

6. ಅಡಿಗೆಮನೆಯ ಅಟ್ಟ.— ಹಿಂದೆ ಸೌದೆ ಒಲೆಯ ಹೊಗೆಯೂ ಕಾವೂ ಬಿದಿರಿನ ಅಟ್ಟದ ಮೂಲಕ ಹಾಯ್ದು ಬೀಜವನ್ನು ಒಣಗಿಸಿ ಹುಳುವನ್ನು ದೂರವಿಡುತ್ತಿದ್ದುವು. ಆದರೆ ಆ ಹೊಗೆಯು ಹೆಂಗಸರ ಕಣ್ಣಿಗೂ ಶ್ವಾಸಕೋಶಕ್ಕೂ ಕೇಡು. ಹೊಗೆಗೂಡನ್ನು ಕಟ್ಟಿದ ಅಥವಾ ಅನಿಲದ ಒಲೆ ಬಂದ ಮನೆಗಳಲ್ಲಿ ಅಟ್ಟಕ್ಕೆ ಹಿಂದಿನ ಕಾವು ದೊರೆಯದು; ಅಲ್ಲಿ ಮೇಲೆ ಹೇಳಿದ ಕಿಂಡಿಗಳು ಇಲ್ಲದಿದ್ದರೆ ಮುಗ್ಗು ತಪ್ಪದು. ಹಳೆಯ ಅಟ್ಟವೆಂದು ನಂಬಿ ಬೀಜವಿಟ್ಟು ಕೆಡಿಸಿಕೊಳ್ಳಬಾರದು.

7. ಪರೀಕ್ಷೆ.— ಬಿಸಿಲೇರಿ ಗಾಳಿ ಬೀಸದ ಹೊತ್ತಿನಲ್ಲಿ, ಹುಲ್ಲು ಸೌದೆಗಳನ್ನು ದೂರವಿಟ್ಟು, ಉರಿಯುವ ಊದುಬತ್ತಿಯನ್ನು ಕಿಂಡಿಯ ಬಳಿ ಹಿಡಿಯಬೇಕು. ಕೆಳಗಿನ ಕಿಂಡಿಯಲ್ಲಿ ಹೊಗೆಯು ಒಳಕ್ಕೆ ಸೆಳೆಯಲ್ಪಟ್ಟು, ಮೇಲಿನದರಲ್ಲಿ ಹೊರಕ್ಕೆ ಹೋದರೆ ಏರ್ಪಾಡು ಸರಿಯಾಗಿದೆ. ಜಂತಿಗಳಲ್ಲಿ ಕಪ್ಪು ಕಲೆ, ಬಿಳಿಯ ಬೂಷ್ಟು, ಮುಗ್ಗಿದ ವಾಸನೆ ಕಂಡುಬಂದರೆ ಗಾಳಿ ಸಾಲದು ಅಥವಾ ಹೆಂಚು ಸೋರುತ್ತಿದೆ ಎಂದರ್ಥ. ಮೊದಲು ಸೋರುವುದನ್ನು ನಿಲ್ಲಿಸಿ ಆಮೇಲೆ ಕಿಂಡಿಯ ವಿಚಾರ ಮಾಡಬೇಕು.

ಹೆಂಚು ಕೈಯಾಡಿಸುವ ಬೇಸಗೆಯಲ್ಲಿಯೇ, ಮುಂಗಾರಿಗೆ ಮೊದಲು, ಈ ಕೆಲಸವನ್ನು ಮುಗಿಸತಕ್ಕದ್ದು. ಗ್ರಾಮದ ಮುಖಂಡರು ತಮ್ಮ ಮನೆಗಳಲ್ಲಿ ಮೊದಲು ಮಾಡಿ ತೋರಿಸಿದರೆ ನೆರೆಹೊರೆಯವರು ತಾವಾಗಿ ಅನುಸರಿಸುವರು. ಒಬ್ಬ ಬಡಗಿಯ ಕೆಲವು ದಿನಗಳ ಕೂಲಿಯಿಂದ ಒಂದು ವರ್ಷದ ಬೀಜವೂ ಮನೆಯ ಮರಮುಟ್ಟೂ ಉಳಿಯುವುವು.